ಮೇಲೆ ಕೆಂಡ, ಕೆಳಗೆ ಕೆಂಡ

ಏಪ್ರಿಲ್, ಮೇ ತಿಂಗಳಲ್ಲಿ ಯುರೋಪಿನ ಅನೇಕ ಮನೆಗಳಲ್ಲಿ ಒಂದು ಸರಳವಾದ ಅಡುಗೆ ನಡೆಯುತ್ತದೆ. ಆಸ್ಪರಾಗಸ್ ಎಂಬ ಬೆರಳುದಪ್ಪದ ಎಳೆ ದಂಟುಗಳನ್ನು ತೊಳೆದು, ಉಪ್ಪು ಹಾಕಿ ಹದಗೊಳಿಸಿದ ಮಾಂಸದ ತೆಳ್ಳನೆಯ ಹಾಳೆಯಲ್ಲಿ ಸುತ್ತುತ್ತಾರೆ. ಮೇಲೆ ಚೀಸ್ ತುರಿದು ಹಾಕಿ ಓವನ್ನಿನಲ್ಲಿ ಕಾಲು ತಾಸು ಇಡುತ್ತಾರೆ. ಒಗ್ಗರಣೆ ಇಲ್ಲ, ಅರೆಯುವ ಮಸಾಲೆ ಇಲ್ಲ, ಸೌಟು ಆಡಿಸುವ ಕೆಲಸವೂ ಇಲ್ಲ. ಹೀಗಿದ್ದೂ ಅದು ರುಚಿಯಾಗಿರುತ್ತದೆ. ಯಾಕೆ ಎಂದು ಕೇಳಿದರೆ ಉತ್ತರ ರಸಾಯನಶಾಸ್ತ್ರದಲ್ಲಿದೆ, ಅದರಲ್ಲಿ ಬಹುಪಾಲು ನೀರಿನ ಲೆಕ್ಕದಲ್ಲಿದೆ.

ಹೊಸಪೇಟೆಯಲ್ಲಿ ಇದನ್ನು ಮಾಡಹೊರಟರೆ ಅಡ್ಡಿ ಸಂತೆಯಿಂದಲೇ ಶುರು. ಆಸ್ಪರಾಗಸ್ ಬೇಕಿದ್ದರೆ ಬೆಂಗಳೂರಿನ ದೊಡ್ಡ ಅಂಗಡಿಯಲ್ಲಿ ಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ, ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ತರಬೇಕು. ಸುತ್ತುವ ಮಾಂಸ, ಅಂದರೆ ಹ್ಯಾಮ್, ಕೇಳುವುದೇ ಬೇಡ. ಚೀಸ್ ಎಂದರೆ ಬೇಕರಿಯ ಫ್ರಿಜ್ಜಿನಲ್ಲಿರುವ ಪೊಟ್ಟಣದ ಚೀಸ್. ಓವನ್ ಇರುವ ಮನೆಗಳು ಕೆಲವೇ. ಚೀಸ್ ಸುರಿದು ಬೇಯಿಸಿದ ತಿನಿಸುಗಳನ್ನು ಹೊರದೇಶದವರಿಗಾಗಿ ಮಾಡುತ್ತಿದ್ದ ಹೋಟೆಲುಗಳು ಹಂಪಿಯ ಸುತ್ತ ಇದ್ದವು, ನಿಜ. ಆದರೆ ವಿರೂಪಾಕ್ಷನ ಗುಡಿಯ ಕಡೆ ಮಾಂಸ ಬೇಯಿಸುವಂತಿಲ್ಲ. ಅಂಥದ್ದೇನಿದ್ದರೂ ಹೊಳೆಯಾಚೆಯ ವಿರೂಪಾಪುರಗಡ್ಡೆಯಲ್ಲಿ ನಡೆಯುತ್ತಿತ್ತು. ಅಲ್ಲಿನ ಕಟ್ಟಡಗಳು ಅಕ್ರಮವೆಂಬ ತೀರ್ಪನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, ಮಾರ್ಚಿನಲ್ಲಿ ಅವು ನೆಲಸಮವಾದವು.

ಹಾಗೆಂದು ಈ ಅಡುಗೆ ನಮ್ಮ ಸೀಮೆಗೆ ಪರಕೀಯ ಎಂದು ನಾನು ಒಪ್ಪುವುದಿಲ್ಲ. ಆಸ್ಪರಾಗಸ್ಸಿನ ಖಾಸಾ ದಾಯಾದಿ ಸಂಡೂರಿನಂಥ ಗುಡ್ಡಗಳಲ್ಲಿ ಬೆಳೆಯುತ್ತದೆ. ಹದಗೊಳಿಸಿದ ಮಾಂಸ ಕಂಪ್ಲಿಯ ಮಾಳಿಗೆಗಳ ಮೇಲೆ ಬೇಸಿಗೆಯಲ್ಲಿ ಒಣಗುತ್ತದೆ. ಓವನ್ನಿನ ಕೆಲಸ ಮಾಡುವ ಪಾತ್ರೆಯ ವಿವರ ವಿಜಯನಗರದ ಕಾಲದ ಕನ್ನಡ ಪುಸ್ತಕದಲ್ಲೇ ಇದೆ. ನಮ್ಮ ಹಳೆಯ ಅಡುಗೆಯಲ್ಲಿ ನಿಜವಾಗಿ ಇಲ್ಲದ್ದು ಒಂದೇ: ಕರಗುವ ಚೀಸ್. ಅದು ಯಾಕಿಲ್ಲ ಎನ್ನುವುದಕ್ಕೂ ಒಳ್ಳೆಯ ಕಾರಣವಿದೆ.

ಮೊದಲು ದಂಟಿನ ವಿಚಾರ. ನಾವು ತಿನ್ನುವ ಆಸ್ಪರಾಗಸ್ ಒಂದು ಗಿಡದ ಮೊಳಕೆ. ನೆಲದಿಂದ ಆಗಷ್ಟೇ ಮೇಲೆದ್ದ ಕಾಂಡ. ಅದರ ತೂಕದಲ್ಲಿ ನೂರಕ್ಕೆ 93 ಪಾಲು ನೀರು. ಕೊಯ್ದ ಮೇಲೂ ಅದು ಸುಮ್ಮನಿರುವುದಿಲ್ಲ. ತರಕಾರಿಗಳಲ್ಲೇ ಅತಿ ಜೋರಾಗಿ ಉಸಿರಾಡುವ ಪೈಕಿ ಇದೂ ಒಂದು. ಬುಡದಿಂದ ಸಕ್ಕರೆ ಬರುವುದು ನಿಂತುಹೋದರೂ ತುದಿಯ ಜೀವಕೋಶಗಳು ಬೆಳೆಯುತ್ತಲೇ ಇರುತ್ತವೆ, ತಮ್ಮಲ್ಲಿರುವ ಸಕ್ಕರೆಯನ್ನೇ ಸುಟ್ಟುಕೊಳ್ಳುತ್ತವೆ. ಇತ್ತ ಬುಡದ ಕಡೆ ಲಿಗ್ನಿನ್ ಸೇರುತ್ತ ಹೋಗುತ್ತದೆ. ಲಿಗ್ನಿನ್ ಎಂದರೆ ಕಟ್ಟಿಗೆಯನ್ನು ಕಟ್ಟಿಗೆಯಾಗಿಸುವ ವಸ್ತು. ಬಿಸಿಲೂರಿನ ಕಾವಿನಲ್ಲಿ ಒಂದು ಹಗಲು ಹೊರಗಿಟ್ಟರೆ ಸಿಹಿ ಇಳಿದು ಬುಡ ನಾರಾಗಿರುತ್ತದೆ, ಬಲಿತ ನುಗ್ಗೆಕಾಯಿಯ ಹಾಗೆ ಅಗಿದು ಉಗಿಯಬೇಕಾಗುತ್ತದೆ. ಅದಕ್ಕೇ ರೈಲಿಳಿದ ಕೂಡಲೇ ಬುಡವನ್ನು ಒಂದು ಅಂಗುಲ ಕತ್ತರಿಸಿ, ನೀರಿರುವ ಲೋಟದಲ್ಲಿ ನಿಲ್ಲಿಸಿ ಫ್ರಿಜ್ಜಿನಲ್ಲಿಡಬೇಕು. ದಂಟನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರೆ ನಾರು ಮುಗಿದಲ್ಲೇ ಸರಿಯಾಗಿ ಮುರಿಯುತ್ತದೆ ಎಂದು ಅಡುಗೆ ಪುಸ್ತಕಗಳು ಹೇಳುತ್ತವೆ. ಅದು ಅರೆಸತ್ಯ. ಎಲ್ಲಿ ಮುರಿಯುತ್ತದೆ ಎನ್ನುವುದು ನೀವು ಎಲ್ಲಿ ಹಿಡಿದಿರಿ ಎಂಬುದರ ಮೇಲೂ ಹೋಗುತ್ತದೆ, ಒಳ್ಳೆಯ ಭಾಗ ಎಷ್ಟೋ ಕಸಕ್ಕೆ ಬೀಳುತ್ತದೆ. ಬುಡದ ಸಿಪ್ಪೆ ಹೆರೆದರೆ ಸಾಕು.

ದಾಯಾದಿಯ ಹೆಸರು ಶತಾವರಿ. ಹಲವು ಮಕ್ಕಳ ತಾಯಿ ಬೇರು, ಆಷಾಢಿ ಬೇರು ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರಜ್ಞರ ಪಟ್ಟಿಯಲ್ಲಿ ಅದು ಆಸ್ಪರಾಗಸ್ ರಸಿಮೋಸಸ್; ಯುರೋಪಿನ ತರಕಾರಿ ಆಸ್ಪರಾಗಸ್ ಅಫಿಷಿನಾಲಿಸ್. ಮನೆತನ ಒಂದೇ, ಬದುಕುವ ಬಗೆ ಬೇರೆ. ಶತಾವರಿ ಮುಳ್ಳಿನ ಬಳ್ಳಿ. ಅದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಎಲೆ ಎಂದು ನಾವು ತಿಳಿಯುವ ಸೂಜಿಯಂಥ ಹಸಿರು ಗೊಂಚಲುಗಳು ಎಲೆಗಳಲ್ಲ, ರೂಪ ಬದಲಿಸಿದ ಪುಟ್ಟ ಕೊಂಬೆಗಳು. ನಿಜವಾದ ಎಲೆ ಒಣಗಿದ ಹುರುಪೆಯಷ್ಟಾಗಿ, ಕೆಲವೆಡೆ ಮುಳ್ಳಾಗಿ ಉಳಿದಿದೆ. ಅಗಲವಾದ ಎಲೆ ಇದ್ದರೆ ಅಷ್ಟು ನೀರು ಆವಿಯಾಗುತ್ತದೆ. ಸೂಜಿಯಿಂದ ಅಷ್ಟು ಹೋಗುವುದಿಲ್ಲ. ನೀರನ್ನೂ ಆಹಾರವನ್ನೂ ಬಳ್ಳಿ ನೆಲದೊಳಗೆ ಬೆರಳುದಪ್ಪದ ಗಡ್ಡೆಬೇರುಗಳ ಗೊಂಚಲಲ್ಲಿ ಕೂಡಿಡುತ್ತದೆ. ಮುಂಗಾರು ಬಿದ್ದ ಕೂಡಲೇ ಆ ಗಂಟಿನಿಂದ ಹೊಸ ಮೊಳಕೆ ಮೇಲೇಳುತ್ತದೆ. ಸಂಡೂರು ಗುಡ್ಡಗಳಂಥ ಎಲೆಯುದುರುವ ಒಣಕಾಡಿಗೆ ಹೇಳಿ ಮಾಡಿಸಿದ ಉಪಾಯ ಇದು.

ಶತಾವರಿಯ ಎಳೆ ಮೊಳಕೆಯನ್ನು ನೇಪಾಳದಲ್ಲಿ ಕುರಿಲೋ ಎಂದು ಪಲ್ಯ ಮಾಡಿ ತಿನ್ನುತ್ತಾರೆ. ನಮ್ಮ ಕಡೆ ಕಣ್ಣೆಲ್ಲ ಬೇರಿನ ಮೇಲೆಯೇ. ಬಾಣಂತಿಗೆ ಹಾಲು ಹೆಚ್ಚಲೆಂದು ಕೊಡುವ ಔಷಧ ಅದು. ಬೇರಿನಲ್ಲಿ ಶತಾವರಿನ್ ಎಂಬ ಸಪೋನಿನ್‌ಗಳಿವೆ. ಸೀಗೆಕಾಯಿ, ಅಂಟುವಾಳ ನೊರೆ ಕೊಡುವುದೂ ಸಪೋನಿನ್‌ನಿಂದಲೇ. ಬೇರು ಕಿತ್ತರೆ ಬಳ್ಳಿ ಸತ್ತಂತೆ, ಮೊಳಕೆ ಚಿವುಟಿದರೆ ಆ ವರ್ಷದ ಬೆಳವಣಿಗೆ ಹೋದಂತೆ. ಕಬ್ಬಿಣದ ಅದಿರಿಗಾಗಿ ಸಂಡೂರಿನ ಗುಡ್ಡಗಳು ಎಷ್ಟು ಬಗೆಸಿಕೊಂಡಿವೆ ಎನ್ನುವುದು ಎಲ್ಲರಿಗೂ ಗೊತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಬೇಕಾಯಿತು. ಅಡುಗೆಯ ಪ್ರಯೋಗಕ್ಕೆ ಆ ಕಾಡಿನ ಶತಾವರಿಯನ್ನು ಮುಟ್ಟಬೇಡಿ. ಬೇಕೆಂದರೆ ನರ್ಸರಿಯ ಗಿಡ ತಂದು ಹಿತ್ತಿಲಲ್ಲಿ ನೆಡಿ. ಆಸ್ಪರಾಗಸ್ ಸಿಗದಿದ್ದರೆ ಎಳೆ ಚವಳಿಕಾಯಿ ಅಥವಾ ಎಳೆ ಅಲಸಂದಿಕಾಯಿ ಅದೇ ಜಾಗದಲ್ಲಿ ಚೆನ್ನಾಗಿಯೇ ಕೂರುತ್ತದೆ.

ಈ ಮನೆತನದ ಹೆಸರು ವಿಜ್ಞಾನದ ಚರಿತ್ರೆಯಲ್ಲಿ ಇನ್ನೊಂದು ಕಾರಣಕ್ಕೂ ಉಳಿದಿದೆ. 1806ರಲ್ಲಿ ಪ್ಯಾರಿಸ್ಸಿನ ವೋಕ್ಲಾನ್ ಮತ್ತು ರೊಬಿಕೆ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಆಸ್ಪರಾಗಸ್ ರಸವನ್ನು ಇಂಗಿಸಿ ಇಟ್ಟಾಗ ಹರಳುಗಳು ಕಟ್ಟಿದವು. ಮನುಷ್ಯ ಬೇರ್ಪಡಿಸಿದ ಮೊಟ್ಟಮೊದಲ ಅಮೈನೋ ಆಮ್ಲ ಅದು. ತರಕಾರಿಯ ಹೆಸರೇ ಅದಕ್ಕೂ ಬಂತು: ಆಸ್ಪರಾಜಿನ್. ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಸರಪಳಿ ಎನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಆಸ್ಪರಾಜಿನ್ ಸುಮಾರು ಎರಡು ಶತಮಾನ ಕಳೆದು ಬೇರೆಯದೇ ಕಾರಣಕ್ಕೆ ಸುದ್ದಿಗೆ ಬಂತು. ಆ ಕಥೆ ಕೆಂಡದ ಹತ್ತಿರ ಹೋದಾಗ.

ಈಗ ಮಾಂಸ. ಮನೆಯಲ್ಲಿ ಕುರಿ ಕಡಿದರೆ, ಜಾತ್ರೆಯ ಪಾಲು ಬಂದರೆ, ತಿಂದು ಉಳಿದದ್ದು ಒಣಖಂಡವಾಗುತ್ತದೆ. ಫ್ರಿಜ್ ಬರುವ ಮುಂಚೆ ಬಯಲುಸೀಮೆಯಲ್ಲಿ ಮಾಂಸ ಉಳಿಸಲು ಇದ್ದ ಮುಖ್ಯ ದಾರಿ ಇದೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಯಸ್, ಬೀದಿಬೀದಿಯಲ್ಲಿ ಕುರಿಮಾಂಸ ಮಾರುತ್ತಿದ್ದುದನ್ನೂ ಅದು ಎಷ್ಟು ಶುಚಿಯಾಗಿ, ಕೊಬ್ಬಿನಿಂದ ಕೂಡಿತ್ತೆಂಬುದನ್ನೂ ಬರೆದಿಟ್ಟಿದ್ದಾನೆ. ಕುರಿಗೆ ಇಲ್ಲಿ ಎಂದೂ ಬರವಿರಲಿಲ್ಲ. ಬರವಿದ್ದದ್ದು ಅದನ್ನು ಕೆಡದಂತೆ ಇಡುವ ತಂಪಿಗೆ.

ಕಂಪ್ಲಿಯ ನಮ್ಮ ದೊಡ್ಡವ್ವ ಖಂಡ ಮಾಡುವುದನ್ನು ನೋಡುವುದೇ ಒಂದು ಪಾಠ. ಎಲುಬಿಲ್ಲದ ತೊಡೆಯ ಮಾಂಸದ ತುಂಡನ್ನು ಎಡಗೈಯಲ್ಲಿ ಹಿಡಿದು, ಪೂರ್ತಿ ತುಂಡಾಗದಂತೆ ಈ ಕಡೆಯಿಂದೊಮ್ಮೆ ಆ ಕಡೆಯಿಂದೊಮ್ಮೆ ಕೊಯ್ಯುತ್ತ ಬಂದು, ಕೊನೆಗೆ ಜಗ್ಗಿದರೆ ಮೊಳದುದ್ದದ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಉಪ್ಪು, ಅರಿಶಿನ, ಖಾರದ ಪುಡಿ ತಿಕ್ಕಿ ಹಗ್ಗದ ಮೇಲೆ ಹಾಕುತ್ತಾಳೆ. ನಾನು ನೇರ ಬಿಸಿಲಿಗೆ ಒಯ್ಯಲು ಹೊರಟರೆ ತಡೆಯುತ್ತಾಳೆ: “ಮೊದಲ್ನೇ ದಿನ ಗಾಳಿಗೆ ಹಾಕ್ಬೇಕಪ್ಪಾ, ಬಿಸ್ಲಿಗೆ ಆಮ್ಯಾಲೆ. ಒಮ್ಮೆಗೇ ಬಿಸ್ಲಿಗೆ ಹಾಕಿದ್ರ ಮ್ಯಾಲೆ ಕಟಿಗಿ, ಒಳಗ ಹಸಿ.”

ಈ ಮಾತಿನಲ್ಲಿರುವ ಭೌತಶಾಸ್ತ್ರವನ್ನು ಬಿಡಿಸಿ ನೋಡೋಣ. ಮಾಂಸದ ಮೇಲ್ಮೈಯ ನೀರು ಗಾಳಿಗೆ ಆರುವುದು ಬೇಗ. ಒಳಗಿನ ನೀರು ಮೇಲ್ಮೈಗೆ ಬಂದು ಸೇರುವುದು ನಿಧಾನ, ಬಹಳ ನಿಧಾನ. ಈ ಒಳಪ್ರಯಾಣಕ್ಕೆ ಬೇಕಾಗುವ ಸಮಯ ದಪ್ಪದ ವರ್ಗದಂತೆ ಏರುತ್ತದೆ: ಪಟ್ಟಿ ಎರಡು ಪಟ್ಟು ದಪ್ಪವಾದರೆ ಒಣಗಲು ನಾಲ್ಕು ಪಟ್ಟು ಹೊತ್ತು. ಹೀಗಾಗಿ ತೆಳ್ಳಗೆ ಕೊಯ್ಯುವುದೇ ಅರ್ಧ ಕೆಲಸ. ಇನ್ನು ಮೇಲ್ಮೈ ಒಳಭಾಗಕ್ಕಿಂತ ತೀರಾ ಬೇಗ ಒಣಗಿದರೆ ಅಲ್ಲಿನ ಪ್ರೋಟೀನು ಒತ್ತಾಗಿ ಹೊರಪೊರೆ ಕಟ್ಟುತ್ತದೆ, ಒಳಗಿನ ನೀರಿಗೆ ಹೊರಬರಲು ದಾರಿಯೇ ಇರುವುದಿಲ್ಲ. ಕಾರ್ಖಾನೆಯ ಒಣಗಿಸುವ ಕೋಣೆಗಳಲ್ಲೂ ಇದೇ ತೊಂದರೆ. ಅವರು ತೇವಾಂಶದ ಯಂತ್ರವಿಟ್ಟು ಗಾಳಿಯನ್ನು ಹದದಲ್ಲಿಡುತ್ತಾರೆ. ದೊಡ್ಡವ್ವ ಸೂರಿನ ನೆರಳನ್ನು ಬಳಸುತ್ತಾಳೆ.

ಮಾಂಸ ಕೆಡದಿರಲು ಅದರಲ್ಲಿ ಎಷ್ಟು ನೀರಿದೆ ಎನ್ನುವುದಕ್ಕಿಂತ ಸೂಕ್ಷ್ಮಜೀವಿಗೆ ಎಷ್ಟು ನೀರು ದಕ್ಕುತ್ತದೆ ಎನ್ನುವುದು ಮುಖ್ಯ. ಇದನ್ನು ಅಳೆಯುವ ಮಾನಕ್ಕೆ ಜಲ ಚಟುವಟಿಕೆ ಎನ್ನುತ್ತಾರೆ. ಶುದ್ಧ ನೀರಿಗೆ 1. ಹಸಿ ಮಾಂಸಕ್ಕೆ ಸುಮಾರು 0.99. ಹೆಚ್ಚಿನ ಬ್ಯಾಕ್ಟೀರಿಯಾಗಳು 0.91ಕ್ಕಿಂತ ಕೆಳಗೆ ಬೆಳೆಯಲಾರವು. ಹಟಮಾರಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಮಾತ್ರ 0.86ರ ತನಕ ಎಳೆದಾಡುತ್ತದೆ. ಅದನ್ನೂ ದಾಟಿ 0.85ಕ್ಕಿಂತ ಕೆಳಗಿಳಿಸಿದರೆ ಒಣಮಾಂಸದಲ್ಲಿ ರೋಗ ತರುವ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಬೂಷ್ಟಿನ ಭಯ ಮಾತ್ರ ಉಳಿಯುತ್ತದೆ, ಮಳೆಗಾಲದಲ್ಲಿ ಡಬ್ಬಿ ತೆರೆದವರಿಗೆ ಅದರ ಪರಿಚಯವಿದೆ. ಉಪ್ಪು ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ಒಂದಷ್ಟು ನೀರನ್ನು ಹೊರಗೆಳೆಯುತ್ತದೆ, ಉಳಿದ ನೀರನ್ನು ತನ್ನ ಅಯಾನುಗಳ ಸುತ್ತ ಕಟ್ಟಿಹಾಕುತ್ತದೆ. ಬಿಸಿಲು ಮಿಕ್ಕದ್ದನ್ನು ಮುಗಿಸುತ್ತದೆ.

ಇಟಲಿಯ ಪಾರ್ಮಾ ಹ್ಯಾಮ್ ಕೂಡ ಬರೀ ಉಪ್ಪಿನಿಂದಲೇ ಹದವಾಗುವಂಥದ್ದು. ವ್ಯತ್ಯಾಸ ಕಾಲದ್ದು. ಹಂದಿಯ ಇಡೀ ತೊಡೆಯನ್ನು ಅವರು ಒಂದು ವರ್ಷಕ್ಕೂ ಮಿಕ್ಕಿ ತಂಪಿನಲ್ಲಿ ನೇತುಹಾಕುತ್ತಾರೆ. ಅಷ್ಟು ಕಾಲ ಮಾಂಸದೊಳಗಿನ ಕಿಣ್ವಗಳು ಪ್ರೋಟೀನನ್ನು ಕಡಿಯುತ್ತ ಕೂರುತ್ತವೆ, ಬಿಡಿ ಅಮೈನೋ ಆಮ್ಲಗಳು ಹೊರಬೀಳುತ್ತವೆ. ಅವುಗಳಲ್ಲೊಂದು ಗ್ಲುಟಮೇಟ್. ಅದನ್ನು 1908ರಲ್ಲಿ ಟೋಕಿಯೊದ ಕಿಕುನಾಯೆ ಇಕೆಡ ಕೊಂಬು ಎಂಬ ಸಮುದ್ರಪಾಚಿಯ ಸಾರಿನಿಂದ ಬೇರ್ಪಡಿಸಿ, ಉಪ್ಪು ಹುಳಿ ಸಿಹಿ ಕಹಿಗಳ ಜೊತೆಗೆ ಐದನೆಯ ರುಚಿಯಿದು, ಉಮಾಮಿ ಎಂದು ಸಾರಿದ. ಮಾಂಸದಲ್ಲಿರುವ ಇನೊಸಿನೇಟ್ ಎಂಬ ಇನ್ನೊಂದು ವಸ್ತು ಗ್ಲುಟಮೇಟಿನ ಜೊತೆ ಸೇರಿದರೆ ರುಚಿ ಬರೀ ಕೂಡುವುದಿಲ್ಲ, ಹಲವು ಪಟ್ಟಾಗುತ್ತದೆ. ಚೀಸ್ ಮತ್ತು ಒಣಮಾಂಸ ಒಂದೇ ತಟ್ಟೆಗೆ ಬಂದಾಗ ಬಾಯಿ ನೀರೂರುವುದು ಈ ಜೋಡಿಯಿಂದ. ನಮ್ಮ ಖಂಡ ಮೂರು ನಾಲ್ಕು ದಿನದಲ್ಲಿ ಒಣಗಿ ಮುಗಿಯುವುದರಿಂದ ಕಿಣ್ವಗಳಿಗೆ ಅಷ್ಟು ಬಿಡುವು ಸಿಗುವುದಿಲ್ಲ. ಅದರ ರುಚಿ ಇಂಗಿದ ಮಾಂಸದ ರುಚಿ, ಹ್ಯಾಮಿನ ಮಾಗಿದ ರುಚಿ ಅದಕ್ಕಿಲ್ಲ. ಹ್ಯಾಮಿನಂತೆ ಹಸಿಯಾಗಿ ತಿನ್ನುವಂಥದ್ದೂ ಅಲ್ಲ. ಬಿಸಿನೀರಿನಲ್ಲಿ ನೆನೆಸಿ ಕುದಿಸಿಯೇ ಬಳಸಬೇಕು.

ಬೇಕನ್, ಸಾಮಾನ್ಯ ಹ್ಯಾಮ್‌ಗಳ ಗುಲಾಬಿ ಬಣ್ಣಕ್ಕೆ ನೈಟ್ರೈಟ್ ಕಾರಣ. ಹಿಂದೆ ಪೆಟ್ಲುಪ್ಪು ಹಾಕಿ ಪಡೆಯುತ್ತಿದ್ದ ಬಣ್ಣ ಅದೇ. ಬಾಟುಲಿಸಮ್ ಎಂಬ ಮಾರಕ ವಿಷಾಹಾರವನ್ನು ತಡೆಯುವುದು ಅದರ ಉಪಕಾರ. ಉಪದ್ರವವೂ ಇದೆ. 2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸಂಸ್ಕರಿಸಿದ ಮಾಂಸವನ್ನು ಕರುಳಿನ ಕ್ಯಾನ್ಸರಿಗೆ ಕಾರಣವಾಗುವ ಆಹಾರವೆಂದು ವರ್ಗೀಕರಿಸಿತು. ಉಪ್ಪು ಹಾಕಿ ಹದಗೊಳಿಸಿದ್ದೂ ಆ ವ್ಯಾಖ್ಯೆಯೊಳಗೇ ಬರುತ್ತದೆ. ನಮ್ಮ ಖಂಡ ಮನೆಯದು ಎಂಬ ಕಾರಣಕ್ಕೆ ಅದಕ್ಕೆ ರಿಯಾಯಿತಿ ಇಲ್ಲ. ಅಪರೂಪಕ್ಕೆ, ಸ್ವಲ್ಪ.

ಚೀಸಿನ ಪ್ರಶ್ನೆಗೆ ಬರೋಣ. ಕಾದ ತವೆಯ ಮೇಲೆ ಒಂದು ಕಡೆ ಪನೀರ್ ತುಂಡು, ಇನ್ನೊಂದು ಕಡೆ ಚೀಸ್ ತುಂಡು ಇಟ್ಟು ನೋಡಿ. ಚೀಸ್ ಹರಿಯುತ್ತದೆ. ಪನೀರ್ ಕೆಂಪಾಗುತ್ತದೆ, ಕೊನೆಗೆ ಕಪ್ಪಾಗುತ್ತದೆ, ಕರಗುವುದಿಲ್ಲ. ಎರಡೂ ಹಾಲೇ, ಎರಡರಲ್ಲೂ ನೀರು ಬಸಿದಿದೆ. ವ್ಯತ್ಯಾಸ ಹಾಲನ್ನು ಒಡೆದ ಬಗೆಯಲ್ಲಿದೆ.

ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ 80ರಷ್ಟು ಕೇಸೀನ್, ಮಿಕ್ಕದ್ದು ತಿಳಿಯ ಪ್ರೋಟೀನು. ಕೇಸೀನ್ ಒಂಟಿಯಾಗಿರದೆ ಪುಟ್ಟ ಉಂಡೆಗಳಾಗಿ ತೇಲುತ್ತಿರುತ್ತದೆ. ಉಂಡೆಯೊಳಗೆ ಅಂಟಿನ ಕೆಲಸ ಮಾಡುವುದು ಕ್ಯಾಲ್ಸಿಯಂ ಫಾಸ್ಫೇಟ್. ಚೀಸ್ ಮಾಡುವಾಗ ರೆನೆಟ್ ಎಂಬ ಕಿಣ್ವ ಈ ಉಂಡೆಗಳ ಹೊರಗಿನ ರೋಮದಂಥ ಪದರವನ್ನಷ್ಟೇ ಕತ್ತರಿಸುತ್ತದೆ. ಉಂಡೆಗಳು ಕ್ಯಾಲ್ಸಿಯಂ ಕೊಂಡಿಗಳ ಮೂಲಕ ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಕಾಯಿಸಿದರೆ ಈ ಹಿಡಿತ ಸಡಿಲವಾಗಿ ಕೇಸೀನ್ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಅದನ್ನೇ ನಾವು ಕರಗುವುದು ಎನ್ನುತ್ತೇವೆ. ಪನೀರಿನ ದಾರಿ ಬೇರೆ. ಮೊದಲು ಹಾಲನ್ನು ಕುದಿಯ ಹತ್ತಿರಕ್ಕೆ ಕಾಯಿಸುತ್ತೇವೆ. ತಿಳಿಯ ಪ್ರೋಟೀನು ಬಿಚ್ಚಿಕೊಂಡು ಕೇಸೀನಿಗೆ ಗಟ್ಟಿಯಾಗಿ ಅಂಟುತ್ತದೆ. ಆಮೇಲೆ ನಿಂಬೆಹುಳಿ ಹಿಂಡಿದಾಗ ಕ್ಯಾಲ್ಸಿಯಂ ಬಹುಪಾಲು ತಿಳಿಗೆ ಕರಗಿಹೋಗುತ್ತದೆ, ಪ್ರೋಟೀನು ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಆ ಹೆಣಿಗೆಯನ್ನು ಕಾವು ಬಿಡಿಸಲಾರದು, ಇನ್ನಷ್ಟು ಬಿಗಿ ಮಾಡುತ್ತದೆ.

ಹುಳಿ ಹಾಕಿ ಹಾಲು ಒಡೆಯುವ ವಿದ್ಯೆ ಈ ನೆಲಕ್ಕೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಕಾದ ಹಾಲನ್ನು ಹುಳಿಯಿಂದ ಒಡೆದು, ಬಟ್ಟೆಯಲ್ಲಿ ಬಸಿದು, ಆ ಗಟ್ಟಿಗೆ ಅಕ್ಕಿಹಿಟ್ಟು ಸೇರಿಸಿ ತುಪ್ಪದಲ್ಲಿ ಕರಿದು ಸಕ್ಕರೆಯಲ್ಲಿ ಅದ್ದುವ ಸಿಹಿಯ ಕ್ರಮವಿದೆ. ಮಾಂಸವನ್ನು ಕೋಲಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಬಗೆಗಳೂ ಅದರಲ್ಲಿವೆ. ಒಡೆದ ಹಾಲೂ ಇತ್ತು, ಸುಟ್ಟ ಮಾಂಸವೂ ಇತ್ತು. ಕರುವಿನ ಹೊಟ್ಟೆಯಿಂದ ತೆಗೆಯುವ ರೆನೆಟ್ ಮಾತ್ರ ಇರಲಿಲ್ಲ. ಹಸುವನ್ನು ಪೂಜಿಸುವ ನಾಡಿನಲ್ಲಿ ಅದು ಹೇಗೆ ಬಂದೀತು? ಇಂದಿನ ಪೊಟ್ಟಣದ ಚೀಸಿಗೆ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಂದು ಆ ತೊಡಕು ಬಗೆಹರಿದಿದೆ. ಈ ಸಂಸ್ಕರಿತ ಚೀಸ್ ಎಂಬುದು 1911ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಉಪಾಯ. ಸೋಡಿಯಂ ಸಿಟ್ರೇಟಿನಂಥ ಲವಣ ಬೆರೆಸಿದರೆ ಅದು ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುತ್ತದೆ, ಕೇಸೀನ್ ಬಿಡಿಬಿಡಿಯಾಗಿ ಕೊಬ್ಬನ್ನು ಹಿಡಿದಿಡುತ್ತದೆ, ಎಣ್ಣೆ ಬಿಡದೆ ನಯವಾಗಿ ಕರಗುತ್ತದೆ. ಮಾಗಿದ ಚೀಸಿನ ರುಚಿ ಅದಕ್ಕಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ನಲವತ್ತು ಡಿಗ್ರಿಯ ಊರಿನಲ್ಲಿ ಕೆಡದೆ ಬರುವ ಚೀಸ್ ಅದೊಂದೇ ಆದ್ದರಿಂದ ನನಗೆ ದೂರಿಲ್ಲ.

ಓವನ್ ಇಲ್ಲದಿದ್ದರೆ? 16ನೆಯ ಶತಮಾನದ ಆರಂಭದಲ್ಲಿ, ವಿಜಯನಗರದ ಆಳ್ವಿಕೆಯ ಕಾಲದಲ್ಲಿ, ಕಲ್ಲಹಳ್ಳಿಯ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದ. ಅವನು ಜೈನ, ಪುಸ್ತಕದಲ್ಲಿ ಮಾಂಸದ ಸುದ್ದಿಯಿಲ್ಲ. ಆದರೆ ಮುಚ್ಚಳ ರೊಟ್ಟಿ ಎಂಬ ಒಂದು ಬಗೆ ಇದೆ: ಎರಡು ಹಂಚುಗಳ ನಡುವೆ ಇಟ್ಟು, ಮೇಲೆ ಕೆಂಡ, ಕೆಳಗೆ ಕೆಂಡ ಹಾಕಿ ಬೇಯಿಸುವುದು. ಓವನ್ನಿನ ಒಳಗೆ ನಡೆಯುವುದೂ ಇದೇ.

ಗ್ಯಾಸ್ ಒಲೆಯ ಕಾವು ಬುಡದಿಂದ ಮಾತ್ರ ಬರುತ್ತದೆ. ಚೀಸಿನ ಮೇಲ್ಭಾಗ ಕೆಂಪಾಗಬೇಕಾದರೆ ಕಾವು ಮೇಲಿನಿಂದ ಇಳಿಯಬೇಕು. ಕೆಂಡ ಹೊತ್ತ ಕಬ್ಬಿಣದ ಮುಚ್ಚಳ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಾಗಿ ಕೆಳಗೆ ಕಾವು ಸುರಿಸುತ್ತದೆ. ಹೀಗೆ ಸುರಿಯುವ ಕಾವು ಉಷ್ಣತೆಯ ನಾಲ್ಕನೆಯ ಘಾತದಂತೆ ಏರುವುದರಿಂದ ಮುಚ್ಚಳ ಸ್ವಲ್ಪ ಹೆಚ್ಚು ಕಾದರೂ ಪರಿಣಾಮ ಬಹಳ. ಹೊಗೆಗೆ ಕಪ್ಪಾದ ಹಳೆಯ ಕಬ್ಬಿಣ ಚೆನ್ನಾಗಿ ಸೂಸುತ್ತದೆ; ಫಳಫಳ ಹೊಳೆಯುವ ಅಲ್ಯುಮಿನಿಯಂ ಸೂಸುವುದು ಅದರ ಒಂದು ಸಣ್ಣ ಪಾಲು ಮಾತ್ರ. ಕೆಂಡಕ್ಕೆ ಹುಡುಕಾಟ ಬೇಡ. ಬಳ್ಳಾರಿ ಜಾಲಿ ಎಂದು ನಮ್ಮ ಸೀಮೆಯ ಹೆಸರನ್ನೇ ಹೊತ್ತಿರುವ ಮುಳ್ಳುಗಿಡ ಅಮೆರಿಕ ಖಂಡದಿಂದ ಬಂದದ್ದು. ಅಲ್ಲಿ ಅದರ ಕುಲದ ಮರಗಳ ಇದ್ದಿಲನ್ನು ಮಾಂಸ ಸುಡಲೆಂದೇ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರೆ. ಇಲ್ಲಿ ಅದನ್ನು ಕಡಿದವರಿಗೆ ನಾವು ಧನ್ಯವಾದ ಹೇಳುತ್ತೇವೆ. ಕೆಂಡದ ಕೆಲಸ ಮಾತ್ರ ಹೊರಗೆ, ಅಂಗಳದಲ್ಲಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಇಲ್ಲದೆ ಕೊಲ್ಲುತ್ತದೆ.

ಇನ್ನೂರು ಡಿಗ್ರಿಯ ಪಾತ್ರೆಯೊಳಗೆ ಆಸ್ಪರಾಗಸ್ ಇನ್ನೂರು ಡಿಗ್ರಿಗೆ ಏರುವುದಿಲ್ಲ. ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ 100ಕ್ಕೆ ಏರಿಸಲು 70 ಕ್ಯಾಲೊರಿ ಸಾಕು; ಅದೇ ಗ್ರಾಂ ಆವಿಯಾಗಲು ಇನ್ನೂ 540 ಕ್ಯಾಲೊರಿ ಬೇಕು. ಬಂದ ಕಾವನ್ನೆಲ್ಲ ಆವಿಯಾಗುವ ನೀರು ಹೊತ್ತೊಯ್ಯುವುದರಿಂದ, ನೀರಿರುವ ತನಕ ದಂಟು 100 ಡಿಗ್ರಿಯನ್ನು ದಾಟದು. ಮೇ ತಿಂಗಳಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದೂ, ಹಗ್ಗದ ಮೇಲಿನ ಹಸಿ ಖಂಡ ಮೊದಲ ದಿನ ಸುತ್ತಲ ಗಾಳಿಗಿಂತ ತಂಪಾಗಿರುವುದೂ ಇದೇ ಲೆಕ್ಕದಲ್ಲಿ. ಕೆಂಪಗೆ ಹುರಿದ ಬಣ್ಣ, ಪರಿಮಳ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ಸಕ್ಕರೆ ಮತ್ತು ಅಮೈನೋ ಆಮ್ಲ ಸೇರಿ ನಡೆಸುವ ಆ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ಲೂಯಿ ಕಮಿ ಮಯಾರ್ ವಿವರಿಸಿದ. ಅದು ಒಣಗಿದ ಮೇಲ್ಮೈಯಲ್ಲಷ್ಟೇ ಸಾಧ್ಯ. ಚೀಸ್ ಮತ್ತು ಹದಗೊಳಿಸಿದ ಮಾಂಸ ಮೊದಲೇ ನೀರು ಕಳೆದುಕೊಂಡಿರುವುದರಿಂದ ಅವು ಬೇಗ ಕೆಂಪಾಗುತ್ತವೆ. ಅಷ್ಟರಲ್ಲಿ ಕೆಳಗಿನ ದಂಟು ತನ್ನದೇ ಹಬೆಯಲ್ಲಿ ಬೆಂದಿರುತ್ತದೆ. ಈ ಅಡುಗೆಗೆ ಕಾಲು ತಾಸು ಸಾಲುವುದು ಇದರಿಂದ.

ಮುಚ್ಚಳವನ್ನು ಬಿಗಿಯಾಗಿ ಕೂರಿಸಿದರೆ ಆಟ ಕೆಡುತ್ತದೆ. ಹಬೆ ಒಳಗೇ ನಿಂತು ಚೀಸ್ ಒದ್ದೆಯಾಗಿಯೇ ಉಳಿಯುತ್ತದೆ. ದಂಟಿನಿಂದ ಹೊರಡುವ ಆಮ್ಲಗಳೂ ಹೊರಹೋಗಲಾರದೆ ಹಸಿರು ವರ್ಣದ್ರವ್ಯದಿಂದ ಮೆಗ್ನೀಸಿಯಂ ಕಿತ್ತು ಅದನ್ನು ಮಾಸಲು ಬಣ್ಣಕ್ಕೆ ತಿರುಗಿಸುತ್ತವೆ. ಒಂದು ಕಡೆ ಚಮಚದ ಹಿಡಿ ತೂರಿಸಿ ಸಂದು ಬಿಡಿ, ಹಬೆ ಹೋಗಲಿ.

ಆಸ್ಪರಾಜಿನ್ ಸುದ್ದಿಗೆ ಬಂದ ಕಥೆ ಈಗ. 1997ರಲ್ಲಿ ದಕ್ಷಿಣ ಸ್ವೀಡನ್ನಿನ ಹಾಲಂಡ್ಸೋಸ್ ಬೆಟ್ಟದಲ್ಲಿ ರೈಲು ಸುರಂಗ ಕೊರೆಯುವಾಗ ನೀರು ಸೋರುವುದನ್ನು ತಡೆಯಲು ಬಳಸಿದ ಅಂಟಿನಿಂದ ಅಕ್ರಿಲಮೈಡ್ ಎಂಬ ವಿಷ ಹಳ್ಳಕ್ಕೆ ಸೇರಿತು. ಮೀನು ಸತ್ತವು, ಹಸುಗಳು ಕಾಲು ಸೋತು ಬಿದ್ದವು. ಕೆಲಸಗಾರರ ರಕ್ತ ಪರೀಕ್ಷೆ ನಡೆಯಿತು. ಹೋಲಿಕೆಗಾಗಿ ಸುರಂಗದ ಹತ್ತಿರವೂ ಸುಳಿಯದ ಜನರ ರಕ್ತವನ್ನೂ ನೋಡಿದರು. ಅವರಲ್ಲೂ ಅಕ್ರಿಲಮೈಡಿನ ಗುರುತು ಇತ್ತು. ಎಲ್ಲಿಂದ ಬಂತೆಂದು ಬೆನ್ನುಹತ್ತಿದವರು 2002ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಉತ್ತರ ಜಗತ್ತನ್ನೇ ಬೆಚ್ಚಿಬೀಳಿಸಿತು: ಅಡುಗೆಮನೆಯಿಂದ. ಆಲೂಗಡ್ಡೆ ಚಿಪ್ಸ್, ಬ್ರೆಡ್ಡಿನಂಥ ಪದಾರ್ಥಗಳನ್ನು 120 ಡಿಗ್ರಿಗಿಂತ ಮೇಲೆ, ನೀರು ಕಡಿಮೆಯಿರುವಲ್ಲಿ ಹುರಿದರೆ ಅವುಗಳ ಆಸ್ಪರಾಜಿನ್ ಸಕ್ಕರೆಯೊಂದಿಗೆ ಸೇರಿ ಅಕ್ರಿಲಮೈಡ್ ಆಗುತ್ತದೆ. ಪ್ರಾಣಿಗಳಲ್ಲಿ ಅದು ಕ್ಯಾನ್ಸರ್ ತರುವುದು ಸಾಬೀತಾಗಿದೆ. ಆಹಾರದಿಂದ ಮನುಷ್ಯರಿಗೆ ಎಷ್ಟು ಅಪಾಯ ಎಂಬ ಚರ್ಚೆ ಮುಗಿದಿಲ್ಲ. ಆಸ್ಪರಾಗಸ್ಸಿನಲ್ಲಿ ನೀರು ಇರುವ ತನಕ ಚಿಂತೆಯಿಲ್ಲ. ತುದಿ ಒಣಗಿ ಕರಿಕಾದರೆ ಅದನ್ನು ಚಿವುಟಿ ಎಸೆಯಿರಿ.

ಹಾಗಾದರೆ ಮಾಡುವ ಕ್ರಮ ಇಷ್ಟು. ಖಂಡವನ್ನು ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿ, ಕುಕ್ಕರಿನಲ್ಲಿ ಮೆತ್ತಗಾಗುವ ತನಕ ಬೇಯಿಸಿ, ಎಳೆಎಳೆಯಾಗಿ ಬಿಡಿಸಿಕೊಳ್ಳಿ; ಸುತ್ತುವಷ್ಟು ಅಗಲದ ಹಾಳೆ ಅದರಿಂದ ಬರುವುದಿಲ್ಲ. ಆ ನೀರನ್ನು ಚೆಲ್ಲಿ, ಅದರಲ್ಲಿ ಉಪ್ಪು ಇಳಿದಿರುತ್ತದೆ. ದಂಟುಗಳನ್ನು ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಯಾಕೆಂದರೆ ಮೇಲಿನ ಒಂದೊಂದು ಹನಿಯೂ 540ರ ಲೆಕ್ಕದಲ್ಲಿ ಕಾವು ತಿನ್ನುತ್ತದೆ. ಕಬ್ಬಿಣದ ಬಾಣಲೆಗೆ ಎಣ್ಣೆ ಸವರಿ ದಂಟುಗಳನ್ನು ಒಂದೇ ಸಾಲಿನಲ್ಲಿ ಹರಡಿ, ಒಂದರ ಮೇಲೊಂದು ಪೇರಿಸಬೇಡಿ. ಮೇಲೆ ಖಂಡದ ಎಳೆ, ಅದರ ಮೇಲೆ ತುರಿದ ಚೀಸ್. ಕೆಳಗೆ ಕೆಂಡ ಕಡಿಮೆ, ಮುಚ್ಚಳದ ಮೇಲೆ ಅದರ ಎರಡು ಪಾಲು. ಹನ್ನೆರಡು ನಿಮಿಷವಾದ ಮೇಲೆ ಒಮ್ಮೆ ಇಣುಕಿ ನೋಡಿ. ಚೀಸ್ ಅಲ್ಲಲ್ಲಿ ಕಂದಿದ್ದರೆ ಇಳಿಸಿ. ಜೋಳದ ರೊಟ್ಟಿಯ ಜೊತೆಗೆ ಇದು ಬ್ರೆಡ್ಡಿಗಿಂತ ಚೆನ್ನಾಗಿ ಒಪ್ಪುತ್ತದೆ ಎನ್ನುವುದು ನನ್ನ ತೀರ್ಮಾನ. ಮೇಲಿನಿಂದ ಉಪ್ಪು ಮಾತ್ರ ಹಾಕಬೇಡಿ. ದಿನಕ್ಕೆ ಒಬ್ಬರಿಗೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ದೊಡ್ಡ ಪಾಲು ಈ ಖಂಡ ಮತ್ತು ಚೀಸಿನಲ್ಲೇ ಬಂದುಬಿಟ್ಟಿರುತ್ತದೆ.